ಮೊರದ ಮೇಲೆ ನಿಂತ ಕೈ

ಜನವರಿ 8, 1963, ಮಂಗಳವಾರ

ಮೈಸೂರಿನ ಸಗಟು ಬಟ್ಟೆ ಅಂಗಡಿಯವರು ಹೊಸ ವರ್ಷಕ್ಕೆಂದು ಕೊಟ್ಟ ಡೈರಿ ಇದು. ಗಿರಾಕಿಗಳ ಅಳತೆ ಬರೆದಿಡೋಣ ಎಂದು ತೆಗೆದಿಟ್ಟಿದ್ದೆ. ಆದರೆ ಮನೆಯಲ್ಲಿ ಮಾತಾಡಲು ಯಾರೂ ಇಲ್ಲದ ಮೇಲೆ ಡೈರಿಯ ಜೊತೆಗಾದರೂ ಮಾತಾಡಬೇಕಲ್ಲ. ಶಿವಮ್ಮ ತವರಿಗೆ ಹೋಗಿ ಕೂತಿದ್ದಾಳೆ.

ತಪ್ಪು ನನ್ನದಲ್ಲ. ಆವತ್ತು ನಾನು ಮಿಷನ್ ಮುಂದೆ ಕೂತು ಕಾಫಿ ತೋಟದ ಮೇಸ್ತ್ರಿಯ ಖಾಕಿ ಚಡ್ಡಿ ಹೊಲಿಯುತ್ತಿದ್ದೆ. ಅವಳು ರೇಷ್ಮೆ ಸೀರೆ ಉಟ್ಟು ಹೂ ಮುಡಿದು ಬಾಗಿಲಿಗೆ ಬಂದು ನಿಂತಳು. ಎಲ್ಲಿಗೆ ಹೊರಟೆ ಎಂದು ಕೇಳಿದೆ. ಕೇಳಿದ್ದೇ ಮಹಾಪರಾಧವಾಯಿತು. ಅವಳ ತಂಗಿ ಸೀತಳ ವೀಳ್ಯಶಾಸ್ತ್ರವಂತೆ, ಅದು ಅವತ್ತೇ ಅಂತೆ, ನನಗೆ ಎಷ್ಟೋ ಸಲ ಹೇಳಿದ್ದಳಂತೆ, ನಾನು ಪ್ರತಿ ಸಲವೂ ಹೂಂ ಅಂದಿದ್ದೆನಂತೆ. ಅಂದಿರಬಹುದು. ಮಿಷನ್ ತುಳಿಯುವಾಗ ಹೂಂ ಅನ್ನುವುದು ನನಗೆ ಉಸಿರಾಡಿದ ಹಾಗೆ. ಅದಕ್ಕೆಲ್ಲ ಅರ್ಥ ಹಚ್ಚಿದರೆ ಹೇಗೆ?

ನೀನು ಹೋಗಿರು, ಈ ಚಡ್ಡಿ ಮುಗಿಸಿ ಬರುತ್ತೇನೆ ಎಂದೆ, ತುಳಿಯುತ್ತಲೇ. ಅವಳು ಜಗಳ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು. “ನಿಮ್ಮ ಮಿಷನ್ನು ನಿಂತ ದಿನ ಬತ್ತೀನಿ ಬುಡಿ” ಅಂದವಳೇ ಹೊಳೆ ದಾಟಿ ತವರೂರು ಬೈರಕುಪ್ಪೆಗೆ ಹೋದಳು. ನಾನು ಚಡ್ಡಿ ಮುಗಿಸಿ, ದೋಣಿ ಹಿಡಿದು ಆ ದಡ ಸೇರುವಷ್ಟರಲ್ಲಿ ಅವರ ಮನೆಯ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ನೆಂಟರು ನನ್ನ ಕಡೆ ನೋಡಿದ ನೋಟ ಇನ್ನೂ ಬೆನ್ನಿಗೆ ಅಂಟಿಕೊಂಡಿದೆ.

ಮಿಷನ್ ನಿಂತರೆ ಹೊಟ್ಟೆಗೆ ಏನು ತಿನ್ನುವುದು? ನಾವು ಊರು ಬಿಟ್ಟು ಗಡಿಯಾಚೆಯ ಈ ಮುಳ್ಳನ್ಕೊಲ್ಲಿಗೆ ಬಂದದ್ದೇ ಇದನ್ನು ನಂಬಿಕೊಂಡು. ತಿರುವಾಂಕೂರಿನಿಂದ ಬಂದ ಜನ ಕಾಡು ಕಡಿದು ಮೆಣಸಿನ ಬಳ್ಳಿ ಹಬ್ಬಿಸುತ್ತಿದ್ದಾರೆ, ಮುಳ್ಳು ಕಂಟಿಗೆ ಅವರ ಬಟ್ಟೆ ದಿನಾ ಹರಿಯುತ್ತದೆ, ದೇವರ ದಯೆ. ಇದೆಲ್ಲ ಅವಳಿಗೆ ಗೊತ್ತಿಲ್ಲವೇ? ಆದರೂ ಸಂಜೆ ಒಬ್ಬನೇ ಒಲೆ ಹಚ್ಚುವಾಗ ಇಬ್ಬರಿಗಾಗುವಷ್ಟು ಅಕ್ಕಿ ಅಳೆದುಬಿಡುತ್ತೇನೆ. ಶಿವಮ್ಮ ವಾಪಸ್ಸು ಬಂದರೆ ಸಾಕು ಅನ್ನಿಸುತ್ತದೆ.

ಜನವರಿ 12, ಶನಿವಾರ

ಇವತ್ತು ನನ್ನ ದೆಸೆ ತಿರುಗಿತು.

ಎದುರಿನ ಚಾಯದ ಅಂಗಡಿ ನಾರಾಯಣನ್‌ಗೆ ಒಂದು ಯೋಚನೆ ಬಂದಿದೆ. ಶನಿವಾರ ಸಂತೆಗೆ ಬಂದವರು ಚಾಯ ಕುಡಿದು ಹೊರಟುಬಿಡುತ್ತಾರೆ, ಅವರನ್ನು ಹಿಡಿದು ಕೂರಿಸಬೇಕು. ಅದಕ್ಕೆ ಅಂಗಡಿಯ ಹಿಂದೆ ಮೆಣಸು ಒಣಗಿಸುವ ಕಣದಲ್ಲಿ ನಾಟಕ. ಆದರೆ ಒಂದೇ ದಿನಕ್ಕೆ ಮುಗಿಯುವ ನಾಟಕವಲ್ಲ. ಪ್ರತಿ ಶನಿವಾರ ಒಂದಿಷ್ಟು ಆಡುವುದು, ಇನ್ನೇನು ಏನೋ ಆಗುತ್ತದೆ ಅನ್ನುವಾಗ ಪೆಟ್ರೊಮ್ಯಾಕ್ಸ್ ಆರಿಸುವುದು. ಮುಗಿದರೆ ಜನ ಮನೆಗೆ ಹೋಗುತ್ತಾರೆ, ಮುಗಿಯದಿದ್ದರೆ ಮುಂದಿನ ವಾರ ಬರುತ್ತಾರೆ ಎನ್ನುವುದು ಅವನ ಸಿದ್ಧಾಂತ. ಕಥೆ ಅವನದು, ಹೆಸರು ‘ಪದ್ಮಾವತಿಯ ಸಂಸಾರ’. ಮಾತು ಕನ್ನಡದಲ್ಲಿ, ನಡುನಡುವೆ ಮಲಯಾಳ. ಇಲ್ಲಿ ಎರಡೂ ಎಲ್ಲರಿಗೂ ಅರ್ಥವಾಗುತ್ತದೆ.

ಗಂಡ ರಂಗನಾಥನ ಪಾರ್ಟು ನನಗೆ. ಮುಳ್ಳನ್ಕೊಲ್ಲಿಯಲ್ಲಿ ಇಂಥ ಕಂಠ ಇನ್ನೊಬ್ಬರಿಗಿಲ್ಲ ಎಂದು ನಾರಾಯಣನ್ ತಾನಾಗಿಯೇ ಹೇಳಿದ. ಪದ್ಮಾವತಿ ಮಾತ್ರ ಮಲ್ಲಿಗಮ್ಮನಂತೆ. ಈಕೆ ಯಾವುದೋ ನಾಟಕ ಕಂಪನಿಯಲ್ಲಿ ಇಪ್ಪತ್ತು ವರ್ಷ ಪಾರ್ಟು ಮಾಡಿದವರು. ಕಂಪನಿ ಮುಚ್ಚಿದ ಮೇಲೆ ಇಲ್ಲಿಗೆ ಬಂದು ನಾರಾಯಣನ್ ಅಂಗಡಿಗೆ ದೋಸೆ ಹಿಟ್ಟು ರುಬ್ಬಿಕೊಡುತ್ತಾರೆ. ವಯಸ್ಸು ಐವತ್ತು ದಾಟಿದೆ, ನನ್ನ ತಾಯಿಯ ಓರಗೆ. ಜನ ನಗುತ್ತಾರಲ್ಲ ಎಂದೆ. ಆಕೆಯೇ ನಕ್ಕು, ಮೊದಲ ಮಾತು ಆಡುವವರೆಗೆ ನಗಲಿ ಬಿಡು ಎಂದರು.

ಹೊಳೆಯ ದೋಣಿ ನಡೆಸುವ ಸುಕುಮಾರನ್ ಕಿವಿಗೆ ಸುದ್ದಿ ಹಾಕಿದ್ದೇನೆ. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಬೈರಕುಪ್ಪೆಗೆ ಮುಟ್ಟುತ್ತದೆ. ಗಂಡ ಸ್ಟೇಜಿನ ಮೇಲೆ ಮೆರೆಯುವುದನ್ನು ಒಮ್ಮೆ ನೋಡಿದರೆ ಶಿವಮ್ಮ ಅಲ್ಲಿ ಹೇಗೆ ಕೂತಿರುತ್ತಾಳೆ, ನಾನೂ ನೋಡುತ್ತೇನೆ.

ಜನವರಿ 19, ಶನಿವಾರ

ಮೊದಲನೆಯ ಆಟ ಆಯಿತು. ಸಂಜೆ ಮೆಣಸನ್ನೆಲ್ಲ ಗುಡ್ಡೆ ಮಾಡಿ, ಕಣ ಗುಡಿಸಿ ಆಡಿದೆವು. ಆ ಘಾಟಿಗೆ ಮುಂದೆ ಕೂತವರೆಲ್ಲ ಸೀನಿದ್ದೇ ಸೀನಿದ್ದು. ಆದರೂ ನನ್ನ ಕಂಠ ಸಂತೆಯ ಆ ತುದಿಗೆ ಕೇಳಿಸಿತಂತೆ.

ಒಂದು ಸಣ್ಣ ಎಡವಟ್ಟಾಯಿತು. ಪದ್ಮಾ ಎಂದು ಕರೆಯುವ ಕಡೆ ಅಭ್ಯಾಸಬಲದಿಂದ “ಅಕ್ಕಾ” ಅಂದುಬಿಟ್ಟೆ. ಜನ ಹೋ ಎಂದರು. ಮಲ್ಲಿಗಮ್ಮ ತಲೆ ಎತ್ತಿ ನನ್ನನ್ನೇ ನೋಡಿ, “ಅಕ್ಕ ಅನ್ನೋ ಹಂಗೆ ಆಗೋದ್ನಾ ನಾನು? ನಿಮ್ಮ ಸಂಸಾರ ತೂಗಿಸಿ ತೂಗಿಸಿ ಇಷ್ಟು ಬೇಗ ಮುದುಕಿ ಆಗೋದ್ನಾ?” ಅಂದರು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಅಲ್ಲಿಂದ ಮುಂದೆ ಯಾರೂ ಆಕೆಯ ವಯಸ್ಸಿಗೆ ನಗಲಿಲ್ಲ. ನಾನು ಬೇಕೆಂದೇ ಅಂದದ್ದು ಎಂದು ನಾರಾಯಣನ್ ತಿಳಿದಿದ್ದಾನೆ. ನಾನೂ ತಿದ್ದಲಿಲ್ಲ.

ಆದರೆ ಒಂದು ವಿಷಯಕ್ಕೆ ಮೈ ಉರಿಯುತ್ತಿದೆ. ನಾನು ಬಲಗಾಲು ಮುಂದಿಟ್ಟು, ಕೈ ಎತ್ತಿ, ಜನರತ್ತ ತಿರುಗಿ ದೊಡ್ಡ ಮಾತು ಹೇಳುತ್ತಿದ್ದರೆ, ಈಕೆ ಪಕ್ಕದಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಾರೆ. ಸುಮ್ಮನೆ ನಟಿಸುವುದಲ್ಲ, ನಿಜವಾದ ಅಕ್ಕಿ, ನಿಜವಾದ ಕಲ್ಲು. ಜನರೆಲ್ಲ ಮೊರವನ್ನೇ ನೋಡುತ್ತಾರೆ. ಜೇನು ಮಾರಲು ಬರುವ ಕಾಡಿನ ಹೆಂಗಸು ನೀಲಿ ಮುಂದಿನ ಸಾಲಿನಲ್ಲೇ ಕೂತು ಎಲ್ಲರಿಗೂ ಕೇಳುವ ಹಾಗೆ, “ಹೆಂಡ್ರು ಅಲ್ಲಿ ಕೂತವ್ಳೆ, ಇವ ನಮ್ಮ ಕೂಡೆ ಮಾತಾಡ್ತಾನೆ” ಎಂದಳು. ನಾಟಕ ಕಂಡರಿಯದ ಜನ, ಏನು ಮಾಡುವುದು.

ಶಿವಮ್ಮ ಬಂದಿರಲಿಲ್ಲ.

ಜನವರಿ 28, ಸೋಮವಾರ

ಮೊನ್ನೆ ಎರಡನೆಯ ಆಟ. ಅದರ ಬಗ್ಗೆ ಬರೆಯಲು ಮನಸ್ಸಿಲ್ಲ.

ಇವತ್ತು ನಾರಾಯಣನ್ ಕರೆದು, ಕೇಳದೆಯೇ ಚಾಯ ಕೊಟ್ಟ. ಆಗಲೇ ನನಗೆ ಅನುಮಾನ ಬಂತು. ರಂಗನಾಥನನ್ನು ಆನೆ ತುಳಿಯುತ್ತದಂತೆ. ಒಂಬತ್ತನೆಯ ತಾರೀಖಿನ ಆಟದಲ್ಲಿ ಅವನ ಕಥೆ ಮುಗಿಯುತ್ತದಂತೆ. ಯಾಕೆ ಎಂದು ಕೇಳಿದೆ. “ಬೇಜಾರು ಮಾಡಬೇಡ ರಾಜುವೇ. ಪದ್ಮಾವತಿ ಮಾತಾಡುವಾಗ ಆಳುಗಳು ಕೂತಿರ್ತಾರೆ. ನೀನು ಬಾಯಿ ತೆರೆದ್ರೆ ಬೀಡಿ ಸೇದಕ್ಕೆ ಏಳ್ತಾರೆ” ಎಂದ.

ಆಟ ಹೋದರೆ ಹೋಗಲಿ. ಆದರೆ ಶಿವಮ್ಮ ಇನ್ನೂ ಒಂದು ಸಲವೂ ನೋಡಿಲ್ಲ. ಅವಳು ನೋಡುವ ಮೊದಲೇ ನಾನು ಆನೆಯ ಕಾಲಡಿ ಬಿದ್ದರೆ ಅವಳು ಬರುವ ದಾರಿ ಯಾವುದು?

ನೇರ ಮಲ್ಲಿಗಮ್ಮನ ಹತ್ತಿರ ಹೋದೆ. ಅಂಗಡಿಯ ಹಿಂದಿನ ಕೋಣೆಯ ಬಾಗಿಲಲ್ಲಿ ಕೂತು ನಾಳೆಯ ಅಕ್ಕಿ ಆರಿಸುತ್ತಿದ್ದರು, ಅದೇ ಮೊರ. ಇದೆಲ್ಲ ನಿಮ್ಮ ಮೊರದಿಂದ ಆದದ್ದು, ಅದನ್ನು ಬಿಟ್ಟುಬಿಡಿ ಎಂದು ಜೋರಾಗಿಯೇ ಹೇಳಿದೆ. ಆಕೆಗೆ ಕೋಪ ಬರಲಿಲ್ಲ. “ನೀನಾಡಿದ್ದು ನಂಗೆ ತಾಗಿದ್ರೆ ಕೈ ತಾನಾಗೇ ನಿಲ್ತದೆ ಮಗ. ತಾಗದಿದ್ರೆ ಅಕ್ಕಿ ಆರಿಸ್ತಿರ್ತೀನಿ. ನನ್ನ ಕೈ ಎಲ್ಲಿ ನಿಲ್ತದೋ ಅಲ್ಲಿ ಜನ ಮೊರ ಬಿಟ್ಟು ನಿನ್ನ ಮಖ ನೋಡ್ತಾರೆ. ಅದಕ್ಕೇ ಮೊರ ಇಟ್ಕೊಂಡಿರೋದು” ಎಂದರು.

ಇದೆಂಥ ಕರಾರು. ಆದರೆ ಬೇರೆ ದಾರಿ ಇರಲಿಲ್ಲ. ಅಲ್ಲೇ ನಿಂತು ಬರುವ ಶನಿವಾರದ ಆಟದ ಮಾತು ಹೇಳಿದೆ. “ಪದ್ಮಾ, ಬಾಗಿಲು ಹಾಕ್ಕೊಂಡು ಮಲಗು. ನಾನು ಬರೋದು ತಡವಾಗ್ತದೆ.” ಕೈ ಎತ್ತಿ ಹೇಳಿದೆ, ಎದೆ ಮುಟ್ಟಿಕೊಂಡು ಹೇಳಿದೆ, ಗದ್ಗದ ಕಂಠದಿಂದ ಹೇಳಿದೆ. ಆಕೆ ಒಂದೊಂದೇ ಕಲ್ಲು ಹೆಕ್ಕಿ ಎಸೆಯುತ್ತಲೇ ಇದ್ದರು. ಆಕೆಯ ಎದುರಿಗೆ ನೆಲದ ಮೇಲೆ ಕೂತುಬಿಟ್ಟೆ. ಕೊನೆಗೆ ಸಾಕಾಗಿ, ಮನೆಗೆ ಹೋಗುವ ಮುಂಚೆ ಎಂಬಂತೆ ಮೆಲ್ಲಗೆ ಅಂದೆ. ಕೈ ನಿಂತಿತು. ಆಕೆ ನನ್ನನ್ನು ನೋಡಿದ ರೀತಿಗೆ ನಿಜಕ್ಕೂ ಯಾರನ್ನೋ ಒಂಟಿಯಾಗಿ ಬಿಟ್ಟು ಹೊರಟ ಹಾಗೆ ಅನ್ನಿಸಿತು.

ಅಷ್ಟು ಹೊತ್ತು ಆರಿಸಿದರಲ್ಲ, ಕೈ ನೋವಾಗಿರಬೇಕು.

ಫೆಬ್ರವರಿ 2, ಶನಿವಾರ

ಗೆದ್ದೆ!

ಬಾಗಿಲು ಹಾಕಿಕೊಂಡು ಮಲಗು ಎಂಬ ಮಾತಿಗೆ ಮಲ್ಲಿಗಮ್ಮನ ಕೈ ನಿಂತಿತು, ಅದರೊಂದಿಗೆ ಇಡೀ ಕಣ ನಿಂತಿತು. ಒಬ್ಬನೂ ಬೀಡಿಗೆ ಏಳಲಿಲ್ಲ. ನಾರಾಯಣನ್ ಲೋಟ ತೊಳೆಯುವುದನ್ನೇ ಬಿಟ್ಟು ನೋಡುತ್ತಿದ್ದ. ಜನರ ಕಡೆ ತಿರುಗಬೇಕೆಂಬುದು ನನಗೆ ಮರೆತೇಹೋಗಿತ್ತು, ಆಕೆಯ ಕೈ ಯಾವಾಗ ನಿಲ್ಲುತ್ತದೋ ಎಂದು ಅದನ್ನೇ ನೋಡುತ್ತಿದ್ದೆ. ಆಟ ಮುಗಿದ ಮೇಲೆ ಮುದುಕರೊಬ್ಬರು ಬಂದು ನನ್ನ ಭುಜ ತಟ್ಟಿ ಹೋದರು.

ಬೆಳಿಗ್ಗೆ ಮೆಣಸು, ಬೆಲ್ಲ ಹಾಕಿ ಕಷಾಯ ಕುಡಿದಿದ್ದೆ. ಅದರ ಗುಣ. ಕಂಠ ತೆರೆದುಕೊಂಡಿತ್ತು.

ಫೆಬ್ರವರಿ 5, ಮಂಗಳವಾರ

ಗೆದ್ದ ಉಮೇದಿನಲ್ಲಿ ಹೊಳೆ ದಾಟಿ ಬೈರಕುಪ್ಪೆಗೆ ಹೋಗಿದ್ದೆ. ಶಿವಮ್ಮ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೂರಿ ಎಂದಳು, ನೀರು ಕೊಟ್ಟಳು, ಮತ್ತೆ ಹುಣಸೆ ಹಿಡಿದಳು. ನಾನು ಆಟದ ಸಂಗತಿಯೆಲ್ಲ ಹೇಳಿದೆ. ಜನ ಹೇಗೆ ಬಾಯಿ ಬಿಟ್ಟು ಕೂತಿದ್ದರು, ಮುದುಕರು ಹೇಗೆ ಭುಜ ತಟ್ಟಿದರು, ಎಲ್ಲ. ಆಮೇಲೆ ಮಾತನ್ನೂ ಹೇಳಿ ತೋರಿಸಿದೆ, ಮೆಲ್ಲಗೆ, ಮೊನ್ನೆಯ ಹಾಗೇ. ಅವಳ ಕೈ ನಿಲ್ಲಲಿಲ್ಲ. ಬೀಜ ಒಂದರ ಹಿಂದೊಂದು ತಟ್ಟೆಗೆ ಬೀಳುತ್ತಲೇ ಇತ್ತು.

ಶನಿವಾರ ಬಾ, ಅದೇ ಕೊನೆಯ ಆಟ, ಆನೆ ತುಳಿಯುತ್ತದೆ ಎಂದೆ. ಅವಳು ನೋಡೋಣ ಎಂದಳು. ಆ ನೋಡೋಣದಲ್ಲಿ ಏನೂ ಇರಲಿಲ್ಲ. ವಾಪಸ್ಸು ಬರುವಾಗ ದೋಣಿಯಲ್ಲಿ ಸುಕುಮಾರನ್ ಏನೇನೋ ಹೇಳುತ್ತಿದ್ದ, ನನಗೆ ಒಂದೂ ಕೇಳಿಸಲಿಲ್ಲ. ಅಳು ಬಂದಿತ್ತು, ಹೊಳೆಯ ನೀರಿನಲ್ಲಿ ಮುಖ ತೊಳೆದುಕೊಂಡೆ.

ಸಂಜೆ ಮಲ್ಲಿಗಮ್ಮನಿಗೆ ಎಲ್ಲವನ್ನೂ ಹೇಳಿದೆ, ವೀಳ್ಯಶಾಸ್ತ್ರದಿಂದ ಹುಣಸೆಹಣ್ಣಿನವರೆಗೆ. ನಿಮ್ಮ ಕೈ ನಿಂತ ಮಾತಿಗೆ ಅವಳ ಕೈ ಯಾಕೆ ನಿಲ್ಲಲಿಲ್ಲ ಎಂದು ಕೇಳಿದೆ. ಆಕೆ, “ಅವಳಾಡುವಾಗ ನಿನ್ನ ಕೈ ಯಾವತ್ತಾದ್ರೂ ನಿಂತಿತ್ತಾ ಮಗ?” ಎಂದರು. ನಾನು ಅಲ್ಲಿ ಏನನ್ನೂ ಆರಿಸುತ್ತಿರಲಿಲ್ಲವಲ್ಲ. ವಯಸ್ಸಾದವರು, ಏನೋ ಕೇಳುತ್ತಾರೆ.

ಫೆಬ್ರವರಿ 7, ಗುರುವಾರ

ಜೇನು ಮಾರುವ ನೀಲಿ ತನಗೊಂದು ರವಿಕೆ ಹೊಲಿಸಲು ಬಂದಿದ್ದಳು. ಬಟ್ಟೆ ಕತ್ತರಿಸಲು ಕತ್ತರಿ ಎತ್ತಿಕೊಂಡೆ. ಅಷ್ಟರಲ್ಲಿ ಅವಳು, ತನ್ನ ಅಪ್ಪ ಜೇನಿಗೆ ಹತ್ತಿದ್ದ ಮರಕ್ಕೆ ಕೆಳಗಿನಿಂದ ಕರಡಿಯೂ ಹತ್ತಿಬಂದ ಕಥೆ ಶುರುಮಾಡಿದಳು. ಮೇಲೆ ಜೇನು ಹುಳ, ಕೆಳಗೆ ಕರಡಿ. ಅಪ್ಪ ಜೇನುಗೂಡಿನ ತುಂಡು ಒಂದೊಂದೇ ಮುರಿದು ಕರಡಿಗೆ ಎಸೆಯುತ್ತ ಸಂಜೆ ಮಾಡಿದನಂತೆ. ಇಳಿದು ಬಂದಾಗ ಕರಡಿ ಹೊಟ್ಟೆ ತುಂಬಿ ಮರದ ಬುಡದಲ್ಲೇ ಮಲಗಿತ್ತಂತೆ. ನಕ್ಕು ನಕ್ಕು ಸಾಕಾಯಿತು. ಕತ್ತರಿ ಹಿಡಿದ ಕೈ ಹಾಗೇ ಇತ್ತು. ಅವಳು ಇಷ್ಟು ದಿನದಿಂದ ಅಂಗಡಿಗೆ ಬರುತ್ತಾಳೆ, ಇಂಥ ಕಥೆ ಒಂದೂ ಹೇಳಿರಲಿಲ್ಲ. ಈಚೆಗೆ ಜನ ಯಾಕೋ ಬಹಳ ಮಾತಾಡುತ್ತಿದ್ದಾರೆ. ಕೆಲಸ ಹಾಳು.

ಫೆಬ್ರವರಿ 9, ಶನಿವಾರ

ಏನೇನಾಯಿತು ಎಂದು ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನಾನೇ ನಂಬುವುದಿಲ್ಲ.

ಶಿವಮ್ಮ ಬಂದಿದ್ದಳು. ಸೀತಳ ಜೊತೆ ಹೆಂಗಸರ ಕಡೆ, ಹಿಂದಿನ ಸಾಲಿನಲ್ಲಿ. ಪೆಟ್ರೊಮ್ಯಾಕ್ಸ್ ಹಚ್ಚುತ್ತಲೇ ಕಂಡೆ. ಮಲ್ಲಿಗಮ್ಮನಿಗೆ ಕಣ್ಣಲ್ಲೇ ತೋರಿಸಿದೆ. ಆಕೆ ನೋಡಿ, ಮೊರವನ್ನು ಹತ್ತಿರಕ್ಕೆ ಎಳೆದುಕೊಂಡರು.

ಇವತ್ತಿನ ಆಟದಲ್ಲಿ ರಂಗನಾಥ ಕಾಡಿಗೆ ಹೊರಡುವ ಮೊದಲು ಪದ್ಮಾವತಿಗೆ ಒಂದು ದೊಡ್ಡ ಮಾತು ಹೇಳಬೇಕು. ನಾರಾಯಣನ್ ಬರೆದುಕೊಟ್ಟದ್ದು, ನಾನು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದು. ಶಿವಮ್ಮನ ಕೈ ನಿಲ್ಲಿಸಲು ಅದೊಂದೇ ನನ್ನ ಕೈಲಿದ್ದ ಆಯುಧ. ಸರಿ, ಆಕೆಯ ಎದುರಿಗೆ ಕೂತು ಬಾಯಿ ತೆರೆದೆ. ಅಷ್ಟರಲ್ಲಿ ಮಲ್ಲಿಗಮ್ಮ ಎದ್ದು ಬಂದು ಮೊರವನ್ನು ನನ್ನ ತೊಡೆಯ ಮೇಲಿಟ್ಟು, ಇವತ್ತು ನೀವು ಆರಿಸಿ, ನಾನು ಹೇಳುತ್ತೇನೆ ಎಂದರು. ಇದು ಯಾವ ಕಥೆಯಲ್ಲೂ ಇರಲಿಲ್ಲ. ಜನರ ಮುಂದೆ ಏನು ಮಾಡಲಿ? ಅಕ್ಕಿ ಆರಿಸತೊಡಗಿದೆ.

ಆಕೆ ಜನರ ಕಡೆಗೆ ಬೆನ್ನು ಹಾಕಿ ಕೂತರು. ನನ್ನ ಮುಖ ಮಾತ್ರ ಬೆಳಕಿಗೆ ಬಿತ್ತು. ಆಮೇಲೆ ಏನು ಹೇಳಿದರೆಂದು ಎಲ್ಲ ನೆನಪಿಲ್ಲ, ಇದೊಂದು ನೆನಪಿದೆ: “ನೀವು ಮನೇಲಿದ್ದಾಗ್ಲೂ ನಾನು ಯಾರ ಕೂಡೆ ಮಾತಾಡ್ತೀನಿ ಗೊತ್ತಾ? ಒಲೆ ಕೂಡೆ. ಒಲೆನಾದ್ರೂ ಒಂದೊಂದ್ಸಲ ಚಟಪಟ ಅಂತದೆ.”

ನನಗೆ ನಮ್ಮ ಅಡುಗೆಮನೆ ಕಣ್ಣ ಮುಂದೆ ಬಂತು. ಶಿವಮ್ಮ ಒಲೆಯ ಮುಂದೆ ಕೂತು ಏನೋ ಅನ್ನುತ್ತಿರುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ. ಅದು ನನಗೆ ಹೇಳಿದ್ದೋ ಒಲೆಗೋ ಎಂದು ಈಗ ಅನುಮಾನವಾಯಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಅಕ್ಕಿ ಆರಿಸುವುದು ಮರೆತುಹೋಗಿತ್ತು. ಆಮೇಲೆ ನನ್ನ ದೊಡ್ಡ ಮಾತಿನ ಸರದಿ ಬಂದಾಗ ಒಂದಕ್ಷರವೂ ಬಾಯಿಗೆ ಬರಲಿಲ್ಲ. ಪೂರಾ ಕೆಟ್ಟೆ. ಕಣದಲ್ಲಿ ಒಂದು ಸೀನೂ ಇಲ್ಲ, ಕೆಮ್ಮೂ ಇಲ್ಲ. ನನ್ನ ಪಾರ್ಟು ನೆಲಕಚ್ಚಿದ್ದು ನೋಡಿ ಜನ ಬೆಪ್ಪಾಗಿರಬೇಕು.

ಅಷ್ಟರಲ್ಲಿ ಆನೆ ಬಂತು. ಗೋಣಿಚೀಲ ಹೊಲಿದು ನಾನೇ ಮಾಡಿಕೊಟ್ಟ ಆನೆ, ಒಳಗೆ ಇಬ್ಬರು. ಅದು ಮೆಣಸಿನ ಗುಡ್ಡೆಯ ಹಿಂದಿನಿಂದ ಸೊಂಡಿಲು ಎತ್ತಿದ್ದೇ ತಡ, ನೀಲಿ ಎದ್ದು ನಿಂತು ಕೂಗು ಹಾಕಿದಳು. ಈ ಜನ ವರ್ಷವಿಡೀ ಗದ್ದೆಯಿಂದ ಆನೆ ಓಡಿಸುವವರು, ಅವರಿಗೆ ಹೇಳಿಕೊಡಬೇಕೇ? ಸಂತೆಯಲ್ಲಿ ಕೊಂಡ ಸೀಮೆಎಣ್ಣೆ ಡಬ್ಬ, ತಪ್ಪಲೆ, ಬಾಣಲೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತ ಕಣಕ್ಕೆ ನುಗ್ಗಿದರು. ಆನೆಯ ಮುಂಗಾಲು ಒಂದು ಕಡೆ ಓಡಿತು, ಹಿಂಗಾಲು ಇನ್ನೊಂದು ಕಡೆ. ಮೆಣಸಿನ ಗುಡ್ಡೆಗೆ ಬಿದ್ದು ಎರಡೂ ಸೀನುತ್ತ ಹೊರಬಂದವು. ಇವನು ಸಾಯಬಾರದು, ಸತ್ತರೆ ನಿನ್ನ ಅಂಗಡಿಯ ಚಾಯ ಮುಟ್ಟುವುದಿಲ್ಲ ಎಂದು ಹೆಂಗಸರು ನಾರಾಯಣನ್‌ನನ್ನು ಸುತ್ತಿಕೊಂಡರು. ಅವನು ಬೆಂಚಿನ ಮೇಲೆ ಹತ್ತಿ, ರಂಗನಾಥನಿಗೆ ಏನೂ ಆಗಲಿಲ್ಲ, ಮುಂದಿನ ಶನಿವಾರವೂ ಇರುತ್ತಾನೆ ಎಂದು ಮಾತು ಕೊಟ್ಟ ಮೇಲೆಯೇ ಡಬ್ಬದ ಸದ್ದು ನಿಂತದ್ದು.

ಇವತ್ತು ನೀನು ಮಾಡಿದ್ದು ನೋಡು ಪಾರ್ಟು ಅಂದರೆ ಎಂದು ಮಲ್ಲಿಗಮ್ಮ ಹೇಳಿದರು. ಒಂದು ಮಾತೂ ಆಡಲಿಲ್ಲ, ಅದೆಂಥ ಪಾರ್ಟು. ಸಮಾಧಾನಕ್ಕೆ ಹೇಳಿದ್ದು, ಪುಣ್ಯಾತ್ಗಿತ್ತಿ.

ಶಿವಮ್ಮನನ್ನು ಹುಡುಕಿದೆ. ಆನೆ ಓಡುವಾಗಲೇ ಹೋದರು, ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ ಎಂದು ನೀಲಿ ಹೇಳಿದಳು.

ಫೆಬ್ರವರಿ 10, ಭಾನುವಾರ

ಅವಳು ಬಂದ ಒಂದೇ ದಿನ ನಾನು ಮಾತು ಮರೆತೆ. ಇನ್ನು ಬರುವುದಿಲ್ಲ.

ಫೆಬ್ರವರಿ 13, ಬುಧವಾರ

ಇವತ್ತು ಕೆಲಸ ಒಂದಿಷ್ಟೂ ಸಾಗಲಿಲ್ಲ. ನಾರಾಯಣನ್ ಅಂಗಿಗೆ ಇನ್ನೂ ಒಂದು ತೋಳು ಕೂಡಿಸಿಲ್ಲ.

ಮಧ್ಯಾಹ್ನ ಆ ತೋಳನ್ನೇ ಹೊಲಿಯುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಶಿವಮ್ಮ. ಕೈಯಲ್ಲಿ ಸೀತಳ ಮದುವೆಯ ರವಿಕೆಗೆ ಬಟ್ಟೆ, ಅಳತೆಗೆ ಒಂದು ಹಳೆಯ ರವಿಕೆ. ಇದನ್ನು ಕೊಟ್ಟು ಹೋಗಲು ಬಂದೆ, ದೋಣಿ ಕಾಯುತ್ತಿದೆ, ಕೂರುವುದಿಲ್ಲ ಎಂದಳು. ಸುಕುಮಾರನ್ ಎದುರಿನ ಅಂಗಡಿಯಲ್ಲಿ ಚಾಯ ಕುಡಿಯುತ್ತ ನಿಂತಿದ್ದ. ನಾನು ತುಳಿಯುತ್ತಲೇ, ಗಂಡಿನ ಕಡೆಯವರು ಹೇಗೆ ಎಂದು ಕೇಳಿದೆ. ಏನೋ ಒಂದು ಕೇಳಬೇಕಲ್ಲ.

ಅವಳು ಬಾಗಿಲಿಗೆ ಒರಗಿ ವೀಳ್ಯಶಾಸ್ತ್ರದ ದಿನದ ಸಂಗತಿ ಹೇಳಿದಳು. ಗಂಡಿನ ಸೋದರಮಾವ ಕತ್ತಲೆ ಕೋಣೆಯಲ್ಲಿ ಮಣೆ ಎಂದುಕೊಂಡು ಹೋಳಿಗೆಯ ಬುಟ್ಟಿಯ ಮೇಲೆ ಕೂತನಂತೆ. ಎದ್ದರೆ ಮಾನ ಹೋಗುತ್ತದೆ ಎಂದು ಶಾಸ್ತ್ರ ಮುಗಿಯುವವರೆಗೂ ಏಳಲಿಲ್ಲವಂತೆ. ಕೊನೆಗೆ ನನ್ನ ಮಾವನೇ ಅವನನ್ನು ಎಬ್ಬಿಸಿ ಪಂಚೆ ಬದಲಿಸಿದರಂತೆ. ಅವಳಿಗೆ ನಗು ತಡೆಯಲಾಗಲಿಲ್ಲ, ನನಗೂ. ಎಷ್ಟು ದಿನವಾಗಿತ್ತು ಅವಳ ನಗು ಕೇಳಿ. ಆಮೇಲೆ ಅವಳು ಸೆರಗಿನ ತುದಿ ಹಿಡಿದುಕೊಂಡು, “ನಾನು ಅವತ್ತು ಎಲೆ ಮುಂದೆ ಕೂರಲಿಲ್ಲ ಕಣ್ರೀ. ಒಂದೊಂದು ದೋಣಿ ಬಂದಾಗ್ಲೂ ಎದ್ದೋಗಿ ನೋಡ್ತಿದ್ದೆ, ನೀವು ಬಂದ್ರೇನೋ ಅಂತ” ಎಂದಳು.

ನನಗೆ ಹೂಂ ಕೂಡ ಬರಲಿಲ್ಲ. ಅವಳ ಮುಖ ನೋಡುತ್ತ ಕೂತಿದ್ದೆ.

ಅವಳು ಇನ್ನೂ ಏನೋ ಹೇಳಹೊರಟವಳು ತಟ್ಟನೆ ನಿಂತಳು. ಏನನ್ನೋ ಆಲಿಸುವ ಹಾಗೆ ತಲೆ ವಾರೆ ಮಾಡಿದಳು. ನನ್ನ ಕಾಲಿನ ಕಡೆ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ರಸ್ತೆಗಿಳಿದು, ಸುಕುಮಾರನ್‌ಗೆ ನೀನು ಹೊರಡು, ನಾನು ಬರುವುದಿಲ್ಲ, ಅಮ್ಮನಿಗೆ ಹೇಳು ಎಂದು ಕೂಗಿದಳು. ಒಳಗೆ ಬಂದವಳೇ ಬಟ್ಟೆಯ ಗಂಟನ್ನು ನನ್ನ ಮಡಿಲಿಗೆ ಹಾಕಿ, ಸೆರಗು ಸಿಕ್ಕಿಸಿ, ಒಲೆಯ ಬೂದಿ ತೆಗೆಯಲು ಹೋದಳು. ನೀರಿನ ಹಂಡೆ ತೊಳೆದೇ ಇಲ್ಲವಲ್ಲ ಎಂದು ಅಲ್ಲಿಂದಲೇ ಬೈಯುತ್ತಿದ್ದಾಳೆ. ಎಷ್ಟು ಸಂತೋಷವಾಗುತ್ತಿದೆ ಎಂದು ಬರೆಯಲು ಬರುವುದಿಲ್ಲ.

ಯಾಕೆ ಹಾಗೆ ಒಮ್ಮೆಲೇ ಮನಸ್ಸು ಬದಲಾಯಿಸಿದಳೋ ತಿಳಿಯಲಿಲ್ಲ. ನಾನು ಒಂದು ಮಾತೂ ಆಡಿರಲಿಲ್ಲ. ಆಮೇಲೆ ನೋಡಿದರೆ ಮಿಷನ್ ತೋಳಿನ ನಡುವೆಯೇ ನಿಂತುಬಿಟ್ಟಿತ್ತು, ಸೂಜಿ ಬಟ್ಟೆಯೊಳಗೇ ಇತ್ತು. ಯಾವಾಗ ನಿಂತಿತೋ ದೇವರೇ ಬಲ್ಲ. ಬೆಲ್ಟು ಸಡಿಲಾಗಿರಬೇಕು. ನಾಳೆ ಎಣ್ಣೆ ಬಿಟ್ಟು ನೋಡಬೇಕು.